ಮಗಳಿಗೊಂದು ಪತ್ರ: ಮೆಟ್ಟಿಲು ಎಣಿಸಿದರೆ ಸಾಲದು

ಪ್ರೀತಿಯ ಪುಟ್ಟಿ,

ನೀನು ಇದ್ದಿಲಿನಲ್ಲಿ ಬರೆದು ಕಳಿಸಿದ ವೀಣೆ ಚಿತ್ರದ ಫೋಟೋ ನೋಡಿದೆ. ವೀಣೆಯ ತುದಿಯ ಯಾಳಿಯ, ಆ ಸಿಂಹದಂಥ ಪ್ರಾಣಿಯ, ಮುಖ ತುಂಬಾ ಚೆನ್ನಾಗಿ ಬಂದಿದೆ, ಅಪ್ಪನಿಗೂ ತೋರಿಸಿದೆ. ಆದರೆ ತಂತಿಯ ಕೆಳಗೆ ಅಡ್ಡಲಾಗಿರುವ, ಸ್ವರಕ್ಕೆ ಬೆರಳೊತ್ತುವ ಮೆಟ್ಟಿಲುಗಳನ್ನೆಲ್ಲ ಏಣಿಯ ಹಾಗೆ ಸಮನಾಗಿ ಜೋಡಿಸಿಬಿಟ್ಟಿದ್ದೀಯಲ್ಲೇ! ದಿನಾ ನುಡಿಸುವವಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು. 24 ಇವೆ, ಎಣಿಸಿದೆ. ಎಣಿಕೆ ಸರಿ, ಅಂತರ ತಪ್ಪು.

ತಲೆಯ ಕಡೆ ತಂತಿ ಕೂರುವ ಮೇರುವಿನಿಂದ, ದುಂಡನೆಯ ಕೊಡದ ಮೇಲೆ ತಂತಿಯನ್ನು ಹೊರುವ ಕುದುರೆಯವರೆಗಿನ ತಂತಿಯ ಸುಮಾರು ಅರ್ಧಕ್ಕೆ 12ನೇ ಮೆಟ್ಟಿಲು ಬರುತ್ತದೆ. ಮಿಕ್ಕ ಅರ್ಧದಲ್ಲೂ ಅರ್ಧ ಜಾಗದೊಳಗೇ ಇನ್ನು 12 ಕೂರಬೇಕು. ಕೊಡದ ಹತ್ತಿರ ಬೆರಳಿಗೇ ಜಾಗ ಸಾಲದಷ್ಟು ಇಕ್ಕಟ್ಟು. ಅಂಗೈಯಗಲದ ಹಾಳೆಯಲ್ಲಿ ಇದನ್ನು ಹೇಗೋ ಮುಚ್ಚಿಹಾಕಬಹುದು. ನಾಲ್ಕಡಿ ಹಾಳೆಯಲ್ಲಿ ಆಗುವುದಿಲ್ಲ. ನಿಮ್ಮ ಮೇಷ್ಟ್ರು ದೊಡ್ಡದಾಗಿ ಬರೆಯಿರಿ ಅಂದಿದ್ದು ಸುಮ್ನೆ ಅಲ್ಲ.

ಒಂದು ಮಾತು. ನೀನು ಕೊಡದ ಕಡೆ ಕೂತು ಬರೆದಿದ್ದರೆ ನಾನು ತಪ್ಪು ಹುಡುಕುತ್ತಿರಲಿಲ್ಲ. ಹತ್ತಿರದ ಇಕ್ಕಟ್ಟು ಅಗಲವಾಗಿ, ದೂರದ ಅಗಲ ಚಿಕ್ಕದಾಗಿ ಕಂಡು, ಅಂತರವೆಲ್ಲ ಒಂದೇ ಅನ್ನಿಸಬಹುದು. ಆದರೆ ನೀನು ಕೂತಿದ್ದು ಪಕ್ಕದಲ್ಲಿ, ಅಲ್ವಾ? ತಂತಿ ಬಿಗಿಯುವ ಬಿರಡೆಗಳೇ ಹೇಳುತ್ತಿವೆ: ತಲೆಯ ಹತ್ತಿರದವು ನಾಲ್ಕು, ಉದ್ದನೆಯ ದಂಡಿಯ ಪಕ್ಕದವು ಮೂರು, ಎಲ್ಲ ಸರಿಯಾಗಿ ಕಾಣುತ್ತಿವೆ.

ಹಾಳೆಯನ್ನು ನೆಲಕ್ಕೆ ಹಾಸಿ ಬರೆದೆಯಾ? ದೂರದ ತುದಿ ಎಳೆದಂತಿದೆ. ಗೋಡೆಗೆ ಅಂಟಿಸಿಕೊಂಡು, ನಿಂತು, ಭುಜದಿಂದ ಕೈ ಆಡಿಸಿ ಬರೆ. ಆಗಾಗ ಹಿಂದೆ ಸರಿದು ನೋಡು.

ಇನ್ನು ಮೆಟ್ಟಿಲುಗಳನ್ನು ಕೂರಿಸುವ ಮೇಣ. ಅದನ್ನು ಒಂದೇ ಸಮ ಕಪ್ಪು ಬಳಿದಿದ್ದೀಯ. ಹತ್ತಿರ ಹೋಗಿ ನೋಡು. ಮೆಟ್ಟಿಲು ಕೂತ ಕಡೆ ಮೇಣ ಸ್ವಲ್ಪ ಉಬ್ಬಿರುತ್ತದೆ, ಬೆರಳು ತಾಗಿದ ಕಡೆ ಹೊಳೆಯುತ್ತದೆ. ಮೆಟ್ಟಿಲ ಮೇಲೂ ಸವೆತ ಇರುತ್ತದೆ. ಹೆಚ್ಚು ನುಡಿಸುವ ಸಾರಣಿ ತಂತಿಯನ್ನು ಗಮಕಕ್ಕೆ, ಅಂದರೆ ಸ್ವರವನ್ನು ಓಲಾಡಿಸಲು, ಪಕ್ಕಕ್ಕೆ ಎಳೆದೂ ಎಳೆದೂ ಆಗಿದ್ದು. ಅದಕ್ಕೇ ಆ ಗುರುತು ಸಣ್ಣ ಗೆರೆಯಾಗಿರುವುದಿಲ್ಲ, ಅಗಲವಾಗಿರುತ್ತದೆ. ಜಾಸ್ತಿ ಸವೆದಿದ್ದು ಯಾವ ಮೆಟ್ಟಿಲು ಅಂತ ನೋಡಿದರೆ ಆ ವೀಣೆಯಲ್ಲಿ ಏನು ಹೆಚ್ಚು ನುಡಿಸಿದ್ದಾರೆ ಅಂತಲೂ ಊಹಿಸಬಹುದು.

ಚಿತ್ರ ಬರೆಯುವವರಿಗೆ ವೀಣೆ ಯಾಕೆ ಅನ್ನಬೇಡ. ನಮ್ಮ ಕೆ. ವೆಂಕಟಪ್ಪನವರು ದೊಡ್ಡ ಚಿತ್ರಕಾರರು, ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ನೀನೂ ಎರಡು ಸ್ವರ ಮೀಟಿ ನೋಡು.

ತಂತಿಗಳನ್ನು ಕೊನೆಗೆ ಬರೆ. ಸ್ಕೇಲ್ ಇಡಬೇಡ. ಬೆಳಕು ಬಿದ್ದ ಕಡೆ ಕಾಣುತ್ತವೆ, ಉಳಿದ ಕಡೆ ಮಾಯ. ಕಂಡಷ್ಟೇ ಸಾಕು. ಹಬ್ಬಕ್ಕೆ ಬರುವಾಗ ಹಾಳೆಯನ್ನು ಮಡಚದೆ ಸುತ್ತಿಕೊಂಡು ಬಾ. ಇದ್ದಿಲು ಬಸ್ಸಿನಲ್ಲಿ ಯಾರ ಪಂಚೆಗೂ ತಾಗದಿರಲಿ.

ನಿನ್ನ,
ಅಮ್ಮ