ಮಕಾಡೆ ಮಲಗಿದವನ ಕೃತಜ್ಞತೆ

ಕಳೆದ ಭಾನುವಾರ ಚರ್ಚಿನಲ್ಲಿ ವೇದಪಾಠ ಓದಿದೆ, ಮೂರು ತಿಂಗಳ ಮೇಲೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ, ಸತ್ತ ಗೆಳೆಯ ಲಾಜರನನ್ನು ಯೇಸು ಎಬ್ಬಿಸುವುದು. ಉದ್ದದ ಪಾಠ. ಎರಡು ಕಡೆ ಸಾಲು ತಪ್ಪಿತು, ಯಾರೂ ಕೆಮ್ಮಲಿಲ್ಲ. ಅಷ್ಟು ದೊಡ್ಡ ಮನಸ್ಸಿನ ಸಭೆಗೆ ಒಂದು ಥ್ಯಾಂಕ್ಸ್ ಆದರೂ ಹೇಳದಿದ್ದರೆ ಹೇಗೆ ಅಂತ ಇದನ್ನು ಬರೆಯಲು ಕೂತಿದ್ದೇನೆ.

ಕಣ್ಣಿಗೆ ಏನಾಗಿತ್ತು, ಯಾವ ಆಪರೇಷನ್ ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ನನ್ನ ಹೆಂಡತಿ ಫೋನಿನಲ್ಲಿ ನಲವತ್ತು ಸಲ ಹೇಳಿದ್ದಾಳೆ, ನಲವತ್ತೊಂದನೆಯದು ನನ್ನಿಂದ ಬೇಡ. ಕಣ್ಣೊಳಗೆ ಒಂದು ಗಾಳಿಗುಳ್ಳೆ ಕೂರಿಸಿ, ಅದು ಹಿಂದಿನ ಪರದೆಗೆ ಒತ್ತಿಕೊಂಡೇ ಇರಬೇಕೆಂದು 14 ದಿನ ಮಕಾಡೆ ಮಲಗಲು ಹೇಳಿದರು, ಅಷ್ಟು ಸಾಕು. ಗಂಟೆಗೆ ಹತ್ತು ನಿಮಿಷ ಬಿಡುವು. ಉಳಿದ ಐವತ್ತು ನಿಮಿಷ ನೆಲ ನೋಡಬೇಕು. ಓದುವಂತಿಲ್ಲ, ಫೋನು ನೋಡುವಂತಿಲ್ಲ.

ಸಿನಿಮಾ ಪುಟ ಓದುವವರಿಗೆ ‘ಮಕಾಡೆ ಮಲಗಿತು’ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಾನು ತಿಂಗಳಿಗೊಮ್ಮೆ ಓಪನ್ ಮೈಕಿನಲ್ಲಿ ಐದು ನಿಮಿಷ ಜೋಕು ಹೇಳಲು ನಿಲ್ಲುವವನು. ಮಕಾಡೆ ಮಲಗುವುದು ನನಗೆ ಹೊಸತಲ್ಲ. ಡಾಕ್ಟರು ಹೇಳಿ ಮಲಗಿದ್ದು ಮಾತ್ರ ಇದೇ ಮೊದಲು.

ಮುಖಕ್ಕೆ ತೂತಿರುವ ಮಂಚ ಹೊತ್ತು ತಂದುಕೊಟ್ಟ ಪಕ್ಕದ ಬೀದಿಯ ಫಿಸಿಯೋಥೆರಪಿಯವರಿಗೆ, ರಜೆಯ ಲೆಕ್ಕ ಕೇಳದ ಆಫೀಸಿನವರಿಗೆ, ಸರದಿ ಹಾಕಿಕೊಂಡು ಸಾರು ಕಳಿಸಿದ ಸ್ತ್ರೀಯರ ಸಂಘದವರಿಗೆ, ಎರಡು ಸಲ ಬಂದು ಎರಡೂ ಸಲ ಚಿಕ್ಕದಾಗಿ ಪ್ರಾರ್ಥಿಸಿದ ಸಭಾಪಾಲಕರಿಗೆ (ಅದು ಅವರಿಗೆ ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತು), ಕಣ್ಣು ಉಳಿಸಿದ ಡಾಕ್ಟರಿಗೂ ಸಿಸ್ಟರುಗಳಿಗೂ ವಂದನೆಗಳು. ಹೆಂಡತಿಗೆ ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ನನ್ನ ಹಳೆಯ ಫೋನಿಗೆ ಪಾಡ್‌ಕಾಸ್ಟ್ ತುಂಬಿಸಿಕೊಟ್ಟದ್ದು ಯುವಜನ ಸಂಘದ ಹುಡುಗ. ನನ್ನ ಎರಡು ಚಟಗಳೂ ಅವನಿಗೆ ಗೊತ್ತು. ‘ನಗು’ ಎಂದೊಂದು ಪಟ್ಟಿ, ‘ವಾಕ್ಯ’ ಎಂದೊಂದು ಪಟ್ಟಿ ಮಾಡಿದ್ದ. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲಿ ತಡಕಾಡುವವನಿಗೆ ಯಾವ ಪಟ್ಟಿ ಯಾವುದು ಎಂದು ತಿಳಿಯುತ್ತದೆಯೇ? ಮೂರನೇ ದಿನಕ್ಕೆ ಎರಡೂ ಕಲಸಿಹೋದವು. ಒಬ್ಬ ಅಮೆರಿಕದ ಹಾಸ್ಯಗಾರ ಮುಗಿಸಿದಲ್ಲಿ ಒಬ್ಬ ಅಮೆರಿಕದ ಪಾದ್ರಿ ಶುರು. ಮೊದಲು ಕಿರಿಕಿರಿಯಾಯಿತು, ಆಮೇಲೆ ಅದೇ ಸರಿ ಅನಿಸಿತು.

ಅಷ್ಟರಲ್ಲಿ ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಅತ್ತೆ ಬಂದರು. ಇನ್ನು ಮುಂದಿನದೆಲ್ಲ ಅವರಿಗೇ. ಉಳಿದವರು ಬೇಸರಿಸಬಾರದು.

ನಮ್ಮ ಅತ್ತೆಯನ್ನು ನೋಡಿದವರಿಗೆ ಗೊತ್ತು, ಮಾತು ಕಡಿಮೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಜೊತೆ ಆಡಿದ್ದೆಲ್ಲ ಸೇರಿಸಿದರೆ ಒಂದು ಪ್ರಸಂಗದಷ್ಟೂ ಆಗದು. ಅಳಿಯ ಎಂದರೆ ಬಾಗಿಲ ಹಿಂದೆ ನಿಂತು ‘ನೀವು’ ಎನ್ನಬೇಕಾದವನು. ಆದರೆ ಮಕಾಡೆ ಮಲಗಿದ ಅಳಿಯನ ಮುಖ ನೋಡಬೇಕಾದರೆ ನೆಲದ ಮೇಲೆ ಚಾಪೆ ಹಾಕಿ ಅಂಗಾತ ಮಲಗಬೇಕು. ಎಪ್ಪತ್ತೊಂದು ವರ್ಷದ ಹೆಂಗಸು ಹಾಗೆಯೇ ಮಲಗಿದರು. ತೂತಿನ ಮೇಲೆ ನಾನು, ಕೆಳಗೆ ಅವರು. ಹಾಗಿರುವಾಗ ಇಬ್ಬರೂ ಎಷ್ಟು ಹೊತ್ತು ಗಾಂಭೀರ್ಯ ಹಿಡಿದಿರಲು ಸಾಧ್ಯ?

“ಅವ ಎಂಥ ಹೇಳುವುದು? ಇವರೆಲ್ಲ ಯಾಕೆ ನಗುವುದು?” ಎಂದು ಕೇಳಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಇಯರ್‌ಫೋನ್ ತೆಗೆದು ಸ್ಪೀಕರಿಗೆ ಹಾಕಿದೆ. ಅವತ್ತಿನಿಂದ ನಾನು ಭಾಷಾಂತರಕಾರ.

ಮೈಕ್ ಬರ್ಬಿಗ್ಲಿಯಾ ಎಂಬ ಹಾಸ್ಯಗಾರನಿದ್ದಾನೆ, ಕಥೋಲಿಕರ ಮನೆಯ ಹುಡುಗ. 2020ರಲ್ಲಿ ‘ವರ್ಕಿಂಗ್ ಇಟ್ ಔಟ್’ ಎಂಬ ಪಾಡ್‌ಕಾಸ್ಟ್ ಶುರುಮಾಡಿದ. ಅದರಲ್ಲಿ ಇನ್ನೂ ಬೆಂದಿರದ ಜೋಕುಗಳನ್ನು ತಂದು ಇನ್ನೊಬ್ಬ ಹಾಸ್ಯಗಾರನ ಮುಂದೆ ಇಡುತ್ತಾನೆ. ಇದು ನಡೆಯುತ್ತದಾ, ಎಲ್ಲಿ ಕೈಕೊಟ್ಟಿತು, ಆ ಮಾತು ಹಿಂದಕ್ಕೆ ಹಾಕಿದರೆ ಹೇಗೆ ಎಂದು ಇಬ್ಬರೂ ಕುಯ್ದು ನೋಡುತ್ತಾರೆ. ಸ್ಟೇಜಿನ ಮೇಲೆ ನಾವು ನೋಡುವುದು ತಟ್ಟೆಗೆ ಬಂದ ದೋಸೆಯನ್ನು. ಇಲ್ಲಿ ಹಂಚಿಗೆ ಅಂಟಿ ಹರಿದ ದೋಸೆಗಳ ಲೆಕ್ಕ. ಅವನಿಗೊಂದು ನಿದ್ದೆಯ ಕಾಯಿಲೆ. ತನ್ನ ಕಡೆಗೆ ಕ್ಷಿಪಣಿ ಬರುತ್ತಿದೆ ಎಂದು ಕನಸು ಬಿದ್ದು, ವಾಲಾ ವಾಲಾ ಎಂಬ ಊರಿನ ಹೋಟೆಲಿನ ಮಹಡಿ ಕಿಟಕಿಯ ಗಾಜು ಒಡೆದುಕೊಂಡು ನಿದ್ದೆಯಲ್ಲೇ ಹೊರಗೆ ಹಾರಿದವನು. ಬದುಕಿದ. ಆಮೇಲೆ ಚೀಲದಂಥ ಹಾಸಿಗೆಯೊಳಗೆ ಹೊಕ್ಕು, ಜಿಪ್ ಎಳೆದುಕೊಂಡು, ಕೈಗೆ ಗವಸು ಹಾಕಿಕೊಂಡು ಮಲಗಲು ಕಲಿತ. ಹೊರಳದಂತೆ ಎರಡು ಕಡೆ ದಿಂಬು ಕಟ್ಟಿಸಿಕೊಂಡಿದ್ದ ನನಗೆ ಅವನು ಅಣ್ಣನಂತೆ ಕಂಡ. ಅತ್ತೆ ಅವನಿಗೆ ‘ಕಿಟಕಿಯವ’ ಎಂದು ಹೆಸರಿಟ್ಟರು. ಪ್ರತಿ ಕಂತಿನ ಕೊನೆಗೆ ಅತಿಥಿ ಹೇಳಿದ ಸಂಸ್ಥೆಗೆ ಅವನು ಹಣ ಕೊಡುತ್ತಾನೆ. ಅದನ್ನು ಕೇಳಿ ಅತ್ತೆ, “ಕೊನೆಗೆ ಕಾಣಿಕೆ ಎತ್ತುವುದಾ?” ಎಂದರು. ಎತ್ತುವುದಲ್ಲ, ತಾನೇ ಕೊಡುವುದು ಎಂದೆ. “ಹಾಗಾದರೆ ನಮ್ಮದಕ್ಕಿಂತ ಒಳ್ಳೆಯದು.”

ಪೀಟ್ ಹೋಮ್ಸ್ ಎಂಬ ಇನ್ನೊಬ್ಬ ಹಾಸ್ಯಗಾರನಿಗೆ ‘ದೊಡ್ಡ ನಗೆಯವ’ ಎಂದು ಹೆಸರು ಬಿತ್ತು. ಇವಾಂಜೆಲಿಕಲ್ ಮನೆಯಲ್ಲಿ ಬೆಳೆದು, ಕ್ರೈಸ್ತ ಕಾಲೇಜಿನಲ್ಲಿ ಓದಿ, ಯುವಜನರ ಪಾದ್ರಿಯಾಗಬೇಕೆಂದಿದ್ದವನು. ಇಪ್ಪತ್ತೆರಡಕ್ಕೇ ಮದುವೆಯಾದ. ಹೆಂಡತಿ ಬಿಟ್ಟುಹೋದಳು, ಜೊತೆಗೆ ಹಳೆಯ ನಂಬಿಕೆಯೂ ಅಲ್ಲಾಡಿತು. 2011ರಿಂದ ಅವನ ಪಾಡ್‌ಕಾಸ್ಟಿಗೆ ಬಂದವರನ್ನೆಲ್ಲ ಜೋಕಿನ ಬಗ್ಗೆ ಮಾತಾಡಿಸಿ, ಕೊನೆಗೆ ದೇವರ ಬಗ್ಗೆ ಕೇಳಿಯೇ ಬಿಡುತ್ತಾನೆ. ನಾನು ಇಷ್ಟನ್ನು ಹೇಳಿದಾಗ ಅತ್ತೆಯ ಪ್ರಶ್ನೆ ಒಂದೇ. “ಪಾಪ. ಊಟಕ್ಕೆ ಯಾರು ಈಗ?” ಮತ್ತೆ ಮದುವೆಯಾಗಿದ್ದಾನೆ, ಮಗಳೂ ಇದ್ದಾಳೆ ಎಂದ ಮೇಲೆಯೇ ಮುಂದಿನ ಕಂತು ಕೇಳಲು ಒಪ್ಪಿದ್ದು.

ಪಾದ್ರಿ ಟಿಮ್ ಕೆಲ್ಲರ್ ಅವರದು ‘ವಾಕ್ಯ’ದ ಪಟ್ಟಿ. 1989ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಸಭೆ ಕಟ್ಟಿದವರು. 2023ರಲ್ಲಿ ತೀರಿಕೊಂಡರು, ಪ್ರಸಂಗಗಳು ಇವತ್ತಿಗೂ ಪಾಡ್‌ಕಾಸ್ಟಿನಲ್ಲಿ ಬರುತ್ತವೆ. ಅವಳಿ ಗೋಪುರ ಬಿದ್ದ ನಂತರದ ಭಾನುವಾರ, 2001ರ ಸೆಪ್ಟೆಂಬರ್ 16ರಂದು, ಅವರು ಆರಿಸಿಕೊಂಡದ್ದು ಲಾಜರನ ಸಾವಿನ ಅಧ್ಯಾಯ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಯಾಕೆ ಅತ್ತ? ನಾನು ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅತ್ತೆ ಕೆಳಗಿನಿಂದ ಏನೂ ಹೇಳಲಿಲ್ಲ. ಗ್ಯಾರೇಜಿನಲ್ಲಿ ಕೂತು 2009ರಿಂದ 2025ರವರೆಗೆ ಪಾಡ್‌ಕಾಸ್ಟಿಗೆ ಜನರನ್ನು ಮಾತಾಡಿಸಿದ ಹಾಸ್ಯಗಾರ ಮಾರ್ಕ್ ಮ್ಯಾರನ್, ಅದೇ ಗ್ಯಾರೇಜಿಗೆ 2015ರಲ್ಲಿ ಒಬಾಮಾ ಬಂದು ಹೋದದ್ದು, 2020ರ ಮೇ ತಿಂಗಳಲ್ಲಿ ಸಂಗಾತಿ ಲಿನ್ ಶೆಲ್ಟನ್ ತೀರಿಕೊಂಡ ಕೆಲವೇ ದಿನಕ್ಕೆ ಅವನು ಮೈಕಿನ ಮುಂದೆ ಕೂತು ಅತ್ತದ್ದು, ಇದನ್ನೂ ಹೇಳಿದೆ. ಆಗ ಮಾತ್ರ, “ಅದೇ ಪಾಠ ಅಲ್ವಾ?” ಎಂದರು.

ಮತ್ತೊಬ್ಬರು ಮೈಕ್ ಶ್ಮಿಟ್ಜ್, ಕಥೋಲಿಕ ಫಾದರ್. 2021ರ ಜನವರಿ 1ರಿಂದ ದಿನಕ್ಕೊಂದು ಕಂತಿನಂತೆ 365 ಕಂತುಗಳಲ್ಲಿ ಇಡೀ ಬೈಬಲ್ ಓದಿದವರು. ಹಾಗೆ ಬೆರಳು ಹಾಕಿದಾಗ ಒಂದು ದಿನ ಸಿಕ್ಕಿದ್ದು ತೋಬಿತನ ಗ್ರಂಥ. ನಮ್ಮ ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಅದಿಲ್ಲ. ಗೋಡೆಯ ಬದಿ ಮಲಗಿದ್ದ ತೋಬಿತನ ಕಣ್ಣಿಗೆ ಗುಬ್ಬಿಗಳ ಹಿಕ್ಕೆ ಬಿದ್ದು ಕುರುಡನಾಗುತ್ತಾನೆ. ಮಗ ದೇವದೂತನ ಜೊತೆ ಪ್ರಯಾಣ ಹೋಗಿ, ಟೈಗ್ರಿಸ್ ನದಿಯಲ್ಲಿ ಮೀನು ಹಿಡಿದು, ಅದರ ಪಿತ್ತ ತಂದು ಅಪ್ಪನ ಕಣ್ಣಿಗೆ ಹಚ್ಚುತ್ತಾನೆ, ದೃಷ್ಟಿ ಬರುತ್ತದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಎದ್ದು ಕೂತರು.

“ಯಾವ ಮೀನು?”

ಹೆಸರು ಹೇಳಿಲ್ಲ ಅತ್ತೆ.

“ಅದೆಂಥದು! ಹೆಸರು ಹೇಳದೆ ಮೀನು ಹಿಡಿಯುವುದುಂಟಾ? ಬಂಗುಡೆಯಾ, ಬೂತಾಯಿಯಾ?”

ಹೊಳೆ ಮೀನು ಅತ್ತೆ.

“ಹೊಳೆ ಮೀನಿನ ಪಿತ್ತಕ್ಕೆ ಅಷ್ಟು ಶಕ್ತಿ ಇಲ್ಲ,” ಎಂದು ತೀರ್ಪು ಕೊಟ್ಟು ಒಳಗೆ ಹೋದರು. ನಮ್ಮ ಬೈಬಲಿನಿಂದ ಆ ಗ್ರಂಥವನ್ನು ಬಿಟ್ಟಿರುವುದಕ್ಕೆ ಅವರಿಗೆ ಅಷ್ಟು ಕಾರಣ ಸಾಕಾಯಿತು.

ಇಲ್ಲಿಯವರೆಗೆ ನಗುವಿನ ದಿನಗಳು. ಒಂಬತ್ತನೇ ರಾತ್ರಿಯನ್ನು ಅತ್ತೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಹೆಂಡತಿಗೆ ನೈಟ್ ಶಿಫ್ಟ್. ಒಂದು ಗಂಟೆಗೆ ಕಣ್ಣಿನೊಳಗೆ ಒತ್ತಡ ಏರಿ ನೋವು ಶುರುವಾಯಿತು. ಆಸ್ಪತ್ರೆಗೆ ಫೋನು ಮಾಡಿದೆವು. ಮಾತ್ರೆ ಹೇಳಿ, ಬೆಳಿಗ್ಗೆ ಆರಕ್ಕೆಲ್ಲ ಬನ್ನಿ ಎಂದರು. ಐದು ಗಂಟೆ ಕಳೆಯಬೇಕಿತ್ತು. ಇಯರ್‌ಫೋನ್ ಕಿತ್ತು ಎಸೆದೆ. ನಗಿಸುವವರ ಮೇಲೂ ಸಿಟ್ಟು, ಬೋಧಿಸುವವರ ಮೇಲೂ ಸಿಟ್ಟು. ಅತ್ತೆ “ಕರ್ತನೇ” ಎಂದು ಪ್ರಾರ್ಥನೆ ಎತ್ತಿದರು. ಎರಡು ವಾಕ್ಯ ಆಗಿತ್ತು. “ಸಾಕು ಮಾಡಿ ಅತ್ತೆ, ಅವನಿಗೆ ಕಿವಿ ಇಲ್ಲ,” ಎಂದು ಕಿರುಚಿದೆ. ನಲವತ್ತೇಳು ವರ್ಷ ಚರ್ಚಿನಲ್ಲಿ ಕೂತವನ ಬಾಯಲ್ಲಿ ಬಂದ ಮಾತು ಅದು.

ಅವರು ಅಲ್ಲಿಗೇ ನಿಲ್ಲಿಸಿದರು. ಆಮೆನ್ ಕೂಡ ಹೇಳಲಿಲ್ಲ. ಎದ್ದು ಹೋಗುತ್ತಾರೆ ಎಂದುಕೊಂಡೆ. ಚಾಪೆ ಎಳೆದುಕೊಂಡು ತೂತಿನ ಕೆಳಗೆ ಬಂದು ಮಲಗಿದರು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಹಣೆ ಒರೆಸಿಕೊಂಡದ್ದು ಗೊತ್ತಾಯಿತು.

“ಇದು ಔಷಧಿಯಾ, ಕಣ್ಣೀರಾ?”

ನಾನು ಉತ್ತರಿಸಲಿಲ್ಲ. ಆಗ ಅವರು ಮಾವನ ಕಡೆಯ ರಾತ್ರಿಯ ಬಗ್ಗೆ ಹೇಳಿದರು. ನನ್ನ ಹೆಂಡತಿಗೂ ಆವರೆಗೆ ಗೊತ್ತಿರಲಿಲ್ಲ. ಮಾವ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು, ಎಂಟನೇ ರಾತ್ರಿ ಅತ್ತೆಗೆ ಮಂಚದ ಬದಿಯಲ್ಲಿ ಕೂತಲ್ಲೇ ನಿದ್ದೆ ಹತ್ತಿತು. ಎದ್ದಾಗ ಮಾವನ ಕೈ ತಣ್ಣಗಿತ್ತು. “ಗೆತ್ಸೇಮನೆ ತೋಟದ ಪಾಠ ಬಂದಾಗೆಲ್ಲ ನಾನು ಚರ್ಚಿನಲ್ಲಿ ತಲೆ ಎತ್ತುವುದಿಲ್ಲ. ಸಾಯುವ ಮುಂಚಿನ ರಾತ್ರಿ ಯೇಸುವೂ ಹೀಗೇ ಬೋರಲ ಬಿದ್ದಿದ್ದ. ಜೊತೆಗಿದ್ದ ಶಿಷ್ಯರು ಮೂರು ಜನ ಗಂಡಸರು, ಒಂದು ಗಂಟೆ ಎಚ್ಚರ ಇರಲಿಕ್ಕೆ ಆಗಲಿಲ್ಲ. ನನಗೂ ಆಗಲಿಲ್ಲ.” ಆಮೇಲೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, “ನೀನು ಮಲಗು ಮಗಾ. ನಾನು ಎಚ್ಚರ ಇರ್ತೇನೆ.”

ನಾನು ಮಲಗಲಿಲ್ಲ. ನೋವು ಮಲಗಿಸಲಿಲ್ಲ. ಅವರೂ ಮಲಗಲಿಲ್ಲ. ನಾಲ್ಕು ಗಂಟೆಗೆ ಅವರೇ ಕೇಳಿದ್ದು, “ಆ ಕಿಟಕಿಯವನದ್ದು ಹಾಕು ನೋಡುವ. ಹೊಸದು ಬೇಡ, ಹಾರಿದ್ದೇ ಹಾಕು.” ಕೇಳಿದ್ದನ್ನೇ ಮತ್ತೆ ಕೇಳಿದೆವು. ನಾನು ಹಲ್ಲು ಕಚ್ಚಿಕೊಂಡು ಭಾಷಾಂತರಿಸಿದೆ. ಗಾಜು ಒಡೆಯುವ ಜಾಗದಲ್ಲಿ ಅವರು ಮೊದಲ ಸಲ ಕೇಳಿದಷ್ಟೇ ಗಾಬರಿಯಿಂದ “ಅಯ್ಯೋ ದೇವರೇ” ಎಂದರು.

ಬೆಳಿಗ್ಗೆ ಆಟೋದಲ್ಲಿ ತಲೆ ತಗ್ಗಿಸಿಕೊಂಡು ಹೋದೆ. ಎಂಟರ ಹೊತ್ತಿಗೆ ಒತ್ತಡ ಇಳಿಯಿತು, ಗಾಬರಿ ಇಲ್ಲ ಎಂದರು. ಹೊರಗೆ ಬೆಂಚಿನಲ್ಲಿ ಕೂತಿದ್ದ ಅತ್ತೆಗೆ ಹೇಳಿದೆ.

“ಆಮೆನ್,” ಅಂದರು.

ಹದಿನೈದನೇ ದಿನ ತಲೆ ಎತ್ತಿದೆ. ಅತ್ತೆಯ ಮುಖ ನೇರ ಕಂಡಾಗ ಗುರುತೇ ಸಿಗದಂತಾಯಿತು, ಅಷ್ಟು ದಿನ ಮೇಲಿನಿಂದಲೇ ನೋಡಿ ಅಭ್ಯಾಸ. ಅವರು ತಕ್ಷಣ ಸೆರಗು ಸರಿಮಾಡಿಕೊಂಡು ‘ನೀವು’ಗೆ ಮರಳಿದರು. ಗುಳ್ಳೆ ಕರಗಲು ಎರಡು ತಿಂಗಳು ಹಿಡಿಯಿತು. ಕೊನೆಯ ದಿನಗಳಲ್ಲಿ ಸಾಸಿವೆ ಕಾಳಿನಷ್ಟಾಗಿ ಕುಣಿಯುತ್ತಿತ್ತು, ಒಂದು ಬೆಳಿಗ್ಗೆ ಇರಲಿಲ್ಲ. ಈಗ ಎರಡು ದಿನಕ್ಕೊಮ್ಮೆ ಅತ್ತೆಗೆ ಐದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ, ಒಂದು ಕಂತಿನ ಸಾರಾಂಶ ಕನ್ನಡದಲ್ಲಿ. ಉಡುಪಿಯ ಅವರ ಓಣಿಯ ಮೂರು ಮನೆಗಳಲ್ಲಿ ಕಿಟಕಿಯವ ಪ್ರಸಿದ್ಧ.

ಹೋದ ವಾರ ಮತ್ತೆ ಓಪನ್ ಮೈಕಿಗೆ ಹೋದೆ. ತೋಬಿತನ ಕಥೆಯನ್ನೇ ಜೋಕು ಮಾಡಿದ್ದೆ. ಗುಬ್ಬಿ, ಹಿಕ್ಕೆ, ಪಿತ್ತ, ಕೆಳಗಿನಿಂದ ಅತ್ತೆಯ “ಯಾವ ಮೀನು?” ಅಲ್ಲಿಗೆ ನಿಲ್ಲಿಸಿ ನಗುವಿಗೆ ಕಾದೆ. ಬರಲಿಲ್ಲ. ಚೆನ್ನಾಗಿ ಮಕಾಡೆ ಮಲಗಿತು.

ರಾತ್ರಿ ಅತ್ತೆಗೆ ಫೋನು ಮಾಡಿ ಹೇಳಿದೆ. ಅವರು ಸ್ವಲ್ಪ ಯೋಚಿಸಿದರು.

“ಪ್ರಶ್ನೆಯಲ್ಲೇ ನಿಲ್ಲಿಸಿದ್ರಾ? ಮೀನಿನ ಹೆಸರು ಹೇಳಬೇಕಿತ್ತು ನೀವು.”

ಯಾವ ಹೆಸರು ಅತ್ತೆ?

“ಕಾಣೆ.”