ಪೋಸ್ಟರ್ ಕಿತ್ತು ಹಾಕಿದರು ಅಂದೆಯಲ್ಲ, ಅದಕ್ಕೆ

ಚಿ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಶಿವಮೊಗ್ಗದಲ್ಲಿ ಬಿಸಿಲು ಜೋರು, ನಿನ್ನೆ ಸಂಜೆ ಒಂದು ಅಡ್ಡಮಳೆ ಬಂದು ಹೋಯಿತು.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಅಂಬೇಡ್ಕರ್ ಜಯಂತಿಗೆ ನಾಲ್ಕು ಜನ ಸೇರಿ ಜಾತಿಯ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿರಿ, ಹಾಸ್ಟೆಲಿನಲ್ಲಿ ಪೋಸ್ಟರ್ ಅಂಟಿಸಿದಿರಿ. ನಮ್ಮ ದೇಶದ ಹುಡುಗರೇ ಯಾರೋ ಮನಸ್ಸಿಗೆ ನೋವಾಯಿತು ಅಂತ ದೂರು ಕೊಟ್ಟರು. ಕಾಲೇಜಿನವರು ಪೋಸ್ಟರ್ ಕಿತ್ತು, ನಿಮಗೊಂದು ಈಮೇಲ್ ಕಳಿಸಿದರು. 'ಅಮೆರಿಕದಲ್ಲಿ ಮಾತಾಡೋ ಸ್ವಾತಂತ್ರ್ಯ ಇಲ್ವಾ ದೊಡ್ಡಮ್ಮ?' ಅಂದೆ. 28 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ಸರಿಯಾಗಿ ಉತ್ತರ ಕೊಡಬೇಕು ಅಂತ ಕೂತು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಇದೆ. ಆದರೆ ಅದು ಯಾರ ಕೈ ಕಟ್ಟುತ್ತದೆ ಅಂತ ನೋಡಬೇಕು. ಮಾತಿನ ಸ್ವಾತಂತ್ರ್ಯ ಕಾಯುವುದು 1791ರಲ್ಲಿ ಬಂದ ಅವರ ಸಂವಿಧಾನದ ಮೊದಲ ತಿದ್ದುಪಡಿ. ಅದು ಕಟ್ಟುವುದು ಸರ್ಕಾರದ ಕೈಯನ್ನು. ಸರ್ಕಾರಿ ವಿಶ್ವವಿದ್ಯಾಲಯವೂ ಸರ್ಕಾರದ ಲೆಕ್ಕಕ್ಕೇ ಬರುತ್ತದೆ. ನಿನ್ನದು ಖಾಸಗಿ. ಆ ತಿದ್ದುಪಡಿ ನಿಮ್ಮ ಕಾಲೇಜಿನ ಗೇಟಿನ ಹೊರಗೇ ನಿಂತುಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸೀಟು ತೆಗೆದುಕೊಂಡಿದ್ದರೆ ಮಾತು ಬೇರೆ ಇತ್ತು. ಹೊರಗೆ ಬೀದಿಯಲ್ಲಿ ಆಡಿದರೆ ತಪ್ಪಲ್ಲದ ಮಾತಿಗೆ ಖಾಸಗಿ ಕಾಲೇಜೂ ಶಿಕ್ಷೆ ಕೊಡುವ ಹಾಗಿಲ್ಲ ಅಂತ ಅಲ್ಲಿ 1992ರಲ್ಲಿ ಲಿಯೊನಾರ್ಡ್ ಕಾಯ್ದೆ ಮಾಡಿದರು. ಧಾರ್ಮಿಕ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ. ಅದೇ ಕಾಯ್ದೆ ಹಿಡಿದು ಸ್ಟ್ಯಾನ್‌ಫರ್ಡಿನ ಒಂಬತ್ತು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಯಾವ ಮಾತು ಆಡಬಾರದು ಅಂತ ವಿಶ್ವವಿದ್ಯಾಲಯ ಮಾಡಿದ್ದ ನಿಯಮ 1995ರಲ್ಲಿ ಬಿದ್ದುಹೋಯಿತು. ನೀನಿರುವ ನ್ಯೂಯಾರ್ಕಿನಲ್ಲಿ ಅಂಥ ಕಾಯ್ದೆ ಇಲ್ಲ.

ಹಾಗಂತ ನಿನಗೆ ಯಾವ ಆಸರೆಯೂ ಇಲ್ಲ ಅಂದುಕೊಳ್ಳಬೇಡ. ಸ್ಟೇಟನ್ ಐಲೆಂಡಿನ ವಾಗ್ನರ್ ಕಾಲೇಜು, ಅದೂ ಖಾಸಗಿಯೇ, ಹಿಂದೆ ಒಬ್ಬ ವಿದ್ಯಾರ್ಥಿನಿಯನ್ನು ಸಸ್ಪೆಂಡ್ ಮಾಡಿತ್ತು. ಶಿಸ್ತುಕ್ರಮಕ್ಕೆ ಮೊದಲು ಹೇಗೆ ವಿಚಾರಣೆ ಮಾಡಬೇಕು ಅಂತ ತಾನೇ ಬರೆದಿಟ್ಟಿದ್ದನ್ನು ಪಾಲಿಸಿರಲಿಲ್ಲ. ನ್ಯೂಯಾರ್ಕಿನ ಅತ್ಯುನ್ನತ ಕೋರ್ಟು 1980ರಲ್ಲಿ ಆ ಹುಡುಗಿಯ ಪರ ನಿಂತಿತು. ಖಾಸಗಿಯಾದರೇನು, ನೀವೇ ಬರೆದ ನಿಯಮವನ್ನು ನೀವು ಪಾಲಿಸಲೇಬೇಕು ಅಂತ ಅದರ ತಾತ್ಪರ್ಯ. ಅಡ್ಮಿಷನ್ ದಿನ ಓದದೇ ಒಪ್ಪಿಗೆ ಒತ್ತಿದೆಯಲ್ಲ, ಆ ವಿದ್ಯಾರ್ಥಿ ಕೈಪಿಡಿಯನ್ನು ಈಗ ಪೂರ್ತಿ ಓದು. ಪೋಸ್ಟರ್ ಬಗ್ಗೆ ಏನಿದೆ, ದೂರು ಬಂದರೆ ಏನು ಮಾಡುತ್ತೇವೆ ಅಂದಿದ್ದಾರೆ, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಬದ್ಧರು ಅಂತ ಎಲ್ಲಾದರೂ ಬರೆದುಕೊಂಡಿದ್ದಾರಾ, ನೋಡು. ಇವತ್ತಿನ ಪ್ರತಿ ಇಳಿಸಿಟ್ಟುಕೋ, ನಾಳೆ ಬದಲಾಗಬಹುದು. ಆಮೇಲೆ ಪತ್ರ ಬರೆ. ಯಾವ ನಿಯಮದ ಪ್ರಕಾರ ಕಿತ್ತಿರಿ ಅಂತ ಅಷ್ಟೇ ಕೇಳು, ಜಾಸ್ತಿ ಬೇಡ. ಕಾರಿಡಾರಿನಲ್ಲಿ ಜಗಳ ಆಡಬೇಡ.

ಇನ್ನೊಂದು ಮಾತು. ದೂರು ಕೊಟ್ಟವರ ಮೇಲೆ ನಾವೂ ತಿರುಗಿ ದೂರು ಕೊಡೋಣ ಅಂತ ನಿನ್ನ ಗೆಳತಿ ಹೇಳಿದಳಂತೆ. ಬೇಡ. ಮಿಶಿಗನ್ ವಿಶ್ವವಿದ್ಯಾಲಯ, ಅದು ಸರ್ಕಾರಿ, 1988ರಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಅವಮಾನ ಆಗದಿರಲಿ ಅಂತಲೇ, ನೋಯಿಸುವ ಮಾತಾಡಿದರೆ ಶಿಕ್ಷೆ ಅನ್ನುವ ಒಂದು ನಿಯಮ ತಂದಿತು. ಒಳ್ಳೆಯ ಮನಸ್ಸಿನಿಂದಲೇ ತಂದರು. ಬಿಳಿಯರು ಅದನ್ನೇ ಹಿಡಿದು ಕಪ್ಪು ವಿದ್ಯಾರ್ಥಿಗಳ ಮೇಲೆ ದೂರು ಕೊಟ್ಟರು. 1989ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ನೋವಾಯಿತು ಅನ್ನುವ ಮಾತಿಗೆ ಅಳತೆ ಇಲ್ಲ, ಸಿಂಧು. ಜಾತಿ ಅಂದರೆ ಸಾಕು ನೋವಾಗುವವರು ಇದ್ದಾರೆ, ಈಗ ಕಣ್ಣಾರೆ ಕಂಡೆಯಲ್ಲ. ಯಾರಾದರೂ ಬೆದರಿಸಿದರೆ, ಬೆನ್ನು ಬಿದ್ದು ಕಾಡಿದರೆ ಆ ಕ್ಷಣವೇ ದೂರು ಕೊಡು. ಮಾತಿಗೆ ಮಾತ್ರ ಮಾತೇ ಆಗಲಿ. ಆ ಹುಡುಗರನ್ನೂ ಮಾತುಕತೆಗೆ ಕರೆ. ನೀನಿರುವ ಅದೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1916ರ ಮೇ 9ರಂದು ಅಂಬೇಡ್ಕರ್ ಜಾತಿಯ ಮೇಲೆ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ನಿನಗಿಂತ ಎರಡೇ ವರ್ಷ ದೊಡ್ಡವರು.

ನಿಮ್ಮಪ್ಪ ಸುಮ್ನೆ ಓದಿಕೊಂಡಿರಲಿ ಅನ್ನುತ್ತಾನೆ. ಅವನ ಭಯ ಸುಳ್ಳಲ್ಲ. 2025ರಲ್ಲಿ ಎಷ್ಟೋ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಪತ್ರ ಕಳಿಸುವ ಮೊದಲು ವಲಸೆ ಕಾನೂನು ತಿಳಿದ ಒಬ್ಬ ವಕೀಲರನ್ನು ಕೇಳು. ನಿನ್ನ ಸ್ನೇಹಿತರಲ್ಲಿ ಅಲ್ಲಿನ ಪ್ರಜೆ ಇದ್ದರೆ ಮೊದಲ ಸಹಿ ಅವರದಿರಲಿ. ಇದು ಹೇಡಿತನ ಅಲ್ಲ.

ಸುಮ್ಮನಿರು ಅಂತ ಮಾತ್ರ ನಾನು ಹೇಳಲಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನಿದ್ದ ಖಾಸಗಿ ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಒಬ್ಬ ಹುಡುಗ ಡೊನೇಶನ್ ಬಗ್ಗೆ ಎಂಟು ಸಾಲಿನ ಪದ್ಯ ಬರೆದ. ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಪ್ರಿನ್ಸಿಪಾಲರು ಬಂದು ಹಾಳೆ ಎಳೆದರು. ನಾಲ್ಕು ಡ್ರಾಯಿಂಗ್ ಪಿನ್ನು ಹಲಗೆಯಲ್ಲೇ ಉಳಿದವು, ಒಂದೊಂದರ ಕೆಳಗೂ ಕಾಗದದ ಒಂದು ಚೂರು ಮೂಲೆ. ಟಿಸಿ ಕೊಟ್ಟು ಕಳಿಸುತ್ತೇನೆ ಅಂದರು. ಹುಡುಗ ನನ್ನ ಮುಖ ನೋಡಿದ. ಪತ್ರಿಕೆಯ ಉಸ್ತುವಾರಿ ನನ್ನದು, ಪದ್ಯ ಚೆನ್ನಾಗಿದೆ ಅಂದವಳೂ ನಾನೇ. ಬಾಯಿ ಬಿಡಲಿಲ್ಲ. ಇನ್ನೂ ಪ್ರೊಬೇಷನ್ ಇತ್ತು. ಅವನು ಮತ್ತೆ ಏನೂ ಬರೆದುಕೊಡಲಿಲ್ಲ. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಓದಿ ಹೋದ.

ಆ ಈಮೇಲನ್ನು ನನಗೆ ಕಳಿಸು, ಕೈಪಿಡಿಯ ಆ ಪುಟವನ್ನೂ. ಭಾನುವಾರ ನಮ್ಮ ಬೆಳಿಗ್ಗೆ ಫೋನ್ ಮಾಡು. ಪತ್ರದ ಕರಡನ್ನು ಇಬ್ಬರೂ ಕೂಡಿ ಬರೆಯೋಣ.

ಇಂತಿ,
ನಿನ್ನ ದೊಡ್ಡಮ್ಮ