ನೊಣಕ್ಕೆ ಔಷಧಿ ಹೊಡೆಯುವ ಮುನ್ನ

ಚಿ. ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ಫೋಟೊ ನೋಡಿದೆ. ಬೇಲಿಕಡ್ಡಿಯ ಮೇಲೆ ಕೂತು, ನೀನು ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನುನೊಣವನ್ನು ಹಿಡಿದು ಹೀರುತ್ತಿರುವುದು ರಾಬರ್ ಫ್ಲೈ, ಬೇರೆ ಹುಳುಗಳನ್ನು ಬೇಟೆಯಾಡಿ ತಿನ್ನುವ ನೊಣ. ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀಯ. ಯಾವುದೂ ಬೇಡ ಮಾರಾಯ. ಪೆಟ್ಟಿಗೆಯ ಬಾಗಿಲಲ್ಲಿ ವಿಷ ಸಿಂಪಡಿಸಿದರೆ ಸಾಯುವುದು ಜೇನೇ.

ಬಿಸಿಲೇರಿದ ಮೇಲೆ ಒಂದಿಷ್ಟು ಹೊತ್ತು ಸುಮ್ಮನೆ ಕೂತು ಅದನ್ನು ನೋಡು. ಗೂನು ಬೆನ್ನು, ತುದಿಗೆ ಹೋದಂತೆ ಸಪೂರವಾಗುವ ಹೊಟ್ಟೆ, ಮುಳ್ಳುಮುಳ್ಳು ಕಾಲು. ಎರಡು ದಪ್ಪ ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿರುತ್ತದೆ, ಅದೇ ಗುರುತು. ಮುಖದ ಮೇಲಿನ ಒರಟು ಮೀಸೆ ಅಂದಕ್ಕಲ್ಲ, ಒದ್ದಾಡುವ ಬೇಟೆಯಿಂದ ಮುಖ ಕಾಯುವ ಗುರಾಣಿ. ಹುಳುವೊಂದು ಹಾರಿ ಹೋದರೆ ತಲೆ ಅತ್ತ ತಿರುಗುತ್ತದೆ, ಮರುಕ್ಷಣ ಕಡ್ಡಿ ಖಾಲಿ! ಗಾಳಿಯಲ್ಲೇ ಕಾಲಿನಿಂದ ಅಪ್ಪಿ ಹಿಡಿದು ಸೊಂಡಿಲು ಚುಚ್ಚುತ್ತದೆ. ಅದರ ಜೊಲ್ಲಿಗೆ ಬೇಟೆ ಮರಗಟ್ಟಿ, ಒಳಗಿನದೆಲ್ಲ ಕರಗಿ ನೀರಾಗುತ್ತದೆ. ಆಮೇಲೆ ಕಡ್ಡಿಗೆ ಮರಳಿ ನಿಧಾನಕ್ಕೆ ಹೀರಿ, ಸಿಪ್ಪೆ ಬಿಸಾಕುತ್ತದೆ.

ಅಮೆರಿಕದಲ್ಲಿ ಹೋಲ್ಕೋಸೆಫಾಲಾ ಅಂತ 6 ಮಿಲಿಮೀಟರಿನಷ್ಟೇ ಉದ್ದದ ಒಂದು ಜಾತಿ ಇದೆ. ಕೇಂಬ್ರಿಜ್ ಸಂಶೋಧಕರು ಹೈಸ್ಪೀಡ್ ಕ್ಯಾಮೆರಾದಲ್ಲಿ ಅದರ ಬೇಟೆ ಚಿತ್ರಿಸಿ 2017ರಲ್ಲಿ ಬರೆದರು. ಅದು ಬೇಟೆಯ ಬೆನ್ನು ಹತ್ತುವುದಿಲ್ಲ, ಬೇಟೆ ಮುಂದೆ ಎಲ್ಲಿಗೆ ಬರುತ್ತದೋ ಅಲ್ಲಿಗೇ ಹಾರುತ್ತದೆ. ಸುಮಾರು 30 ಸೆಂಟಿಮೀಟರ್ ಹತ್ತಿರವಾದಾಗ ವೇಗ ತಗ್ಗಿಸಿ, ಬೇಟೆಯ ವೇಗಕ್ಕೇ ಹೊಂದಿಕೊಂಡು ಹಿಂದಿನಿಂದ ಹಿಡಿಯುತ್ತದೆ. ಅಕ್ಕಿಕಾಳಿನಷ್ಟೇ ಇರುವ ಹುಳುವಿಗೆ ಇಷ್ಟು ಲೆಕ್ಕಾಚಾರ!

ಸಾವಿರಾರು ಜೇನಿರುವ ಗೂಡಿಗೆ ಒಂದೆರಡು ನೊಣದಿಂದ ಏನೂ ಆಗದು. ಜೇನಲ್ಲದೆ ಮಿಡತೆ, ದುಂಬಿ, ಕಣಜ ಏನು ಸಿಕ್ಕರೂ ಅದು ತಿನ್ನುತ್ತದೆ. ಹಲವು ಜಾತಿಗಳ ಮರಿಗಳು ಮಣ್ಣಿನಲ್ಲಿ ದುಂಬಿಗಳ ಮರಿಹುಳು ತಿಂದು ಬೆಳೆಯುತ್ತವೆ. ತೋಟ ಇಟ್ಟವನು ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ತೀರಾ ಕಾಟವೆನಿಸಿದರೆ ಪೆಟ್ಟಿಗೆ ಎದುರಿನ ಒಣಕಡ್ಡಿ ಕಿತ್ತುಹಾಕು, ಅದು ಬೇರೆ ಕಡೆ ಕೂರುತ್ತದೆ. ಕೈಯಲ್ಲಿ ಮಾತ್ರ ಹಿಡಿಯಬೇಡ, ಚುಚ್ಚಿದರೆ ಜೋರು ಉರಿ.

ಔಷಧಿಯ ದುಡ್ಡು ಉಳಿಯಿತಲ್ಲ, ಇರುವೆ ಹತ್ತದಂತೆ ಪೆಟ್ಟಿಗೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದೀಯೋ ನೋಡು. ಮೇಣದ ಹುಳು ಬಿದ್ದ ಹಳೇ ಎರಿ (ಜೇನು ಕಟ್ಟಿದ ಮೇಣದ ತಟ್ಟೆ) ಇದ್ದರೆ ಇವತ್ತೇ ತೆಗೆ. ಇರುವೆ, ಮೇಣದ ಹುಳು ಹೊಕ್ಕರೆ ಜೇನು ಕುಟುಂಬವೇ ಪೆಟ್ಟಿಗೆ ಬಿಟ್ಟು ಹೋದೀತು.

ಇಂತಿ,
ನಿನ್ನ ದೊಡ್ಡಪ್ಪ